ನೆರಳೋ, ಕಲೆಯೋ

ನನ್ನ ಕೋಣೆಯ ಗೋಡೆ ಬಿಳಿಯದು ಎಂದು ಯಾರ ಮುಂದೆ ಬೇಕಾದರೂ ಆಣೆಯಿಟ್ಟು ಹೇಳುತ್ತಿದ್ದೆ. ಒಂದು ಸಂಜೆ ಅದರ ಚಿತ್ರ ಬರೆಯಲು ಕುಳಿತ ಮೇಲೆ ಆ ಧೈರ್ಯ ಉಳಿಯಲಿಲ್ಲ. ಕಿಟಕಿಯ ಪಕ್ಕ ನಸುನೀಲಿ, ದೀಪದ ಕೆಳಗೆ ಕೆನೆಹಳದಿ, ಮೂಲೆಯಲ್ಲಿ ಬೂದಿ, ಕೆಂಪು ಕುರ್ಚಿಯ ಬೆನ್ನಿಗೆ ತೀರ ಸಮೀಪವಿದ್ದ ಕಡೆ ತೆಳುಗುಲಾಬಿ. ಬಿಳಿಯನ್ನು ಹುಡುಕಿಕೊಂಡು ಹೋದರೆ ಅದು ಎಲ್ಲಿಯೂ ಸಿಗಲೊಲ್ಲದು.

ಕಣ್ಣಿಗೆ ತಲುಪುವುದು ಬೆಳಕೊಂದೇ. ಅದರಲ್ಲಿ ದೀಪದ ಪಾಲೆಷ್ಟು, ಗೋಡೆಯ ಪಾಲೆಷ್ಟು ಎಂಬ ಲೆಕ್ಕವನ್ನು ಮಿದುಳು ನಮ್ಮನ್ನು ಕೇಳದೆಯೇ ಮುಗಿಸಿ, ಬರಿಯ ಉತ್ತರವನ್ನು ಕೈಗಿಡುತ್ತದೆ. ನಡುಹಗಲ ಬಿಸಿಲಿನಲ್ಲಿ ಹಿಡಿದ ಪುಸ್ತಕದ ಕಪ್ಪು ಅಕ್ಷರದಿಂದ ಬರುವ ಬೆಳಕು, ರಾತ್ರಿ ಮನೆಯೊಳಗಿನ ದೀಪದಲ್ಲಿ ಅದೇ ಪುಟದ ಬಿಳಿ ಭಾಗದಿಂದ ಬರುವ ಬೆಳಕಿಗಿಂತ ಹೆಚ್ಚು; ಆದರೂ ಬಿಸಿಲಿನಲ್ಲಿ ಅಕ್ಷರ ಬೆಳ್ಳಗಾಯಿತೆಂದು ಯಾರೂ ದೂರಿಲ್ಲ. ಅಕ್ಕಪಕ್ಕದವುಗಳೊಡನೆ ಹೋಲಿಸಿಯೇ ತೀರ್ಪು. ದೃಷ್ಟಿವಿಜ್ಞಾನಿ ಎಡ್ವರ್ಡ್ ಏಡಲ್ಸನ್ 1995ರಲ್ಲಿ ರಚಿಸಿದ ಚದುರಂಗದ ಮಣೆಯ ಚಿತ್ರದಲ್ಲಿ, ಕಂಬದ ನೆರಳಿಗೆ ಬಿದ್ದ ‘ಬಿಳಿ’ ಚೌಕವೂ ಬೆಳಕಿನಲ್ಲಿರುವ ‘ಕಪ್ಪು’ ಚೌಕವೂ ಒಂದೇ ಬೂದುಬಣ್ಣದವು. ಕಾಗದದಲ್ಲಿ ಎರಡು ತೂತು ಮಾಡಿ, ಉಳಿದುದನ್ನೆಲ್ಲ ಮರೆಮಾಡಿ ನೋಡಿ ಒಪ್ಪಿಕೊಂಡೆ. ಕಾಗದ ತೆಗೆದೊಡನೆ ಕಣ್ಣು ತನ್ನ ಹಳೆಯ ಹಟಕ್ಕೇ ಮರಳಿತು.

ಮೇಜಿನ ಮೇಲೆ ಒಂದು ಕೆಂಪು ಪ್ಲಾಸ್ಟಿಕ್ ಲೋಟವೂ ಒಂದು ಹಿತ್ತಾಳೆಯ ಚಮಚವೂ ಇದ್ದವು. ಲೋಟದ ಮೈಮೇಲೆ ಮಿನುಗುವ ಚುಕ್ಕಿಗೆ ದೀಪದ ಬಣ್ಣ. ಚಮಚದ ಮಿನುಗಿಗೆ ಹಿತ್ತಾಳೆಯದೇ ಹಳದಿ. ಮುಟ್ಟದೆಯೇ ಲೋಹವನ್ನು ಲೋಹವೆಂದು ಗುರುತಿಸಲು ಇದೂ ಒಂದು ಸುಳಿವು. ಆ ಚುಕ್ಕಿಯನ್ನು ಬಿಟ್ಟು ಬರೆದೆನೋ, ಲೋಟ ಒಣಮಣ್ಣಿನದಾಗಿಬಿಡುತ್ತಿತ್ತು.

ಅಷ್ಟನ್ನು ಹೇಗೋ ನಿಭಾಯಿಸಿದವನು ಗೋಡೆಯ ವಿಷಯದಲ್ಲಿ ಸೋತೆ. ನೆರಳಿನ ಅಂಚು ಸಾಮಾನ್ಯವಾಗಿ ಮಸುಕಾಗಿ ಕರಗುತ್ತದೆ, ಕಣ್ಣು ಅದನ್ನು ನೆರಳೆಂದು ಲೆಕ್ಕದಿಂದ ಕಳೆಯುವುದೂ ಆ ಮಸುಕಿನ ಬಲದಿಂದಲೇ. ಕಾಗದದ ಮೇಲೆ ಬಿದ್ದ ನೆರಳಿನ ಮಸುಕಂಚನ್ನು ದಪ್ಪ ಕಪ್ಪು ಗೆರೆಯಿಂದ ಮುಚ್ಚಿದರೆ, ಬೆಳಕು ಬದಲಾಗದಿದ್ದರೂ ಅದು ಬಳಿದ ಕಲೆಯಂತೆ ಕಾಣುತ್ತದೆ ಎಂಬುದನ್ನು ಜರ್ಮನಿಯ ಶರೀರಶಾಸ್ತ್ರಜ್ಞ ಎವಾಲ್ಡ್ ಹೆರಿಂಗ್ ತೋರಿಸಿಕೊಟ್ಟಿದ್ದರು. ನನ್ನ ಒರಟು ಕುಂಚ ಗೆರೆಯ ಹಂಗಿಲ್ಲದೆಯೇ ಆ ಪ್ರಯೋಗವನ್ನು ನಡೆಸಿತ್ತು. ಚಿತ್ರ ನೋಡಿದ ಗೆಳೆಯ ಬಹಳ ಹೊತ್ತು ಸುಮ್ಮನಿದ್ದು, ‘ಗೋಡೆಗೆ ತೇವ ಹಿಡಿದಿದೆಯೇನೋ?’ ಎಂದು ಕೇಳಿದ. ‘ಅದು ಕಲೆ’ ಎಂದಷ್ಟೇ ಹೇಳಿದೆ. ಯಾವ ಅರ್ಥದಲ್ಲಿ ಎಂದು ಅವನು ಕೇಳಲಿಲ್ಲ.