ಎಷ್ಟು ಕೊಟ್ರಪಾ?

ಮೆಲ್ಬರ್ನ್‌ನಲ್ಲಿ ನಾನು ಮೊದಲ ಸಲ ಓಟು ಹಾಕಿದ್ದು 2025ರ ಮೇ 3ರಂದು, ಶನಿವಾರ. ಮನೆಗೆ ಬಂದವನೇ ಖುಷಿಯಿಂದ ರಾಯಚೂರು ಜಿಲ್ಲೆಯ ನಮ್ಮೂರು ಮಾನ್ವಿಗೆ ಫೋನ್ ಮಾಡಿದೆ. ಕಾಕಾ ಕೇಳಿದ ಮೊದಲ ಮಾತು, "ಎಷ್ಟು ಕೊಟ್ರಪಾ?"

"ಯಾರೂ ಕೊಡಂಗಿಲ್ಲ ಕಾಕಾ. ಹಾಕಲಿಲ್ಲ ಅಂದ್ರ ನಾನೇ 20 ಡಾಲರ್ ದಂಡ ಕಟ್ಟಬೇಕು."

"ಹಂಗಾದ್ರ ನಿಮ್ಮಲ್ಲಿ ಉಲ್ಟಾನೇ ಐತಿ ಬಿಡು."

ಮನಸ್ಸಿಗೆ ಚುಚ್ಚಿತು. ಕಾಕಾ ಆಸೆಯಿಂದ ಕೇಳಿದ್ದಲ್ಲ. ಹಬ್ಬಕ್ಕೆ ಏನು ಅಡಿಗೆ ಅಂತ ಕೇಳುವ ಹಾಗೆ ಸಹಜವಾಗಿ ಕೇಳಿದರು. ನೋವಾಗಿದ್ದೇ ಅದಕ್ಕೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1957ರಲ್ಲಿ ಓಟಿನ ಲಾಭ-ಖರ್ಚಿನ ಲೆಕ್ಕ ಹಾಕಿದರು. ನನ್ನ ಒಂದು ಓಟಿನಿಂದಲೇ ಯಾರೋ ಗೆಲ್ಲುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಕೂಲಿ ಬಿಡುವುದು, ಬಿಸಿಲಲ್ಲಿ ನಿಲ್ಲುವುದು ಖರ್ಚೇ ಅಲ್ವಾ? ನಮ್ಮಲ್ಲಿ ಆ ಖರ್ಚನ್ನು ಅಭ್ಯರ್ಥಿ ತುಂಬಲು ಬರುತ್ತಾನೆ. ಆಸ್ಟ್ರೇಲಿಯಾದವರು 1924ರಲ್ಲೇ ಮತದಾನ ಕಡ್ಡಾಯ ಮಾಡಿದರು. ಜನ ಬರುವುದು ಖಾತ್ರಿಯಾದ ಮೇಲೆ ಅವರನ್ನು ಕರೆತರಲು ಪಕ್ಷ ದುಡ್ಡು ಸುರಿಯಬೇಕಿಲ್ಲ. ಮನಸ್ಸು ಗೆಲ್ಲಬೇಕು, ಅಷ್ಟೇ. ನನ್ನ ಬಾಗಿಲಿಗೆ ಬಂದವರು ಡಾಕ್ಟರ್ ಫೀಸು, ಮನೆ ಬೆಲೆ ಬಿಟ್ಟು ಬೇರೆ ಮಾತೇ ಆಡಲಿಲ್ಲ.

ನಮ್ಮ ಕಡೆ ಮಾತಿಗೆ ವಿಷಯ ಇಲ್ಲವೇ? ತುಂಗಭದ್ರಾ ಎಡದಂಡೆ ಕಾಲುವೆ 200 ಕಿ.ಮೀ.ಗಿಂತ ಉದ್ದ. ಗಂಗಾವತಿಯಲ್ಲಿ ಗದ್ದೆ ತುಂಬ ನೀರು. ಮಾನ್ವಿ, ಸಿರವಾರದ ಕೆಳಭಾಗಕ್ಕೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಕೆಸರು. ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1929ರಲ್ಲೇ ಹೇಳಿದ್ದರು: ಒಂದೇ ದಾರಿಯಲ್ಲಿ ಇಬ್ಬರು ಅಂಗಡಿ ಹಾಕಿದರೆ ಕೊನೆಗೆ ಇಬ್ಬರೂ ನಡುವೆ ಬಂದು ಪಕ್ಕಪಕ್ಕ ಕೂರುತ್ತಾರೆ. ಅಭ್ಯರ್ಥಿಗಳೂ ಹಾಗೆಯೇ, ಎಲ್ಲರಿಗೂ ಒಪ್ಪುವಂಥ ನಡುವಿನ ಮಾತಿಗೆ ಬರುತ್ತಾರೆ. ಆದರೆ ನಮ್ಮ ಕಾಲುವೆಯನ್ನು ಕ್ಷೇತ್ರಗಳು ತುಂಡು ತುಂಡು ಮಾಡಿವೆ. ಮೇಲಿನ ತುಂಡಿನಲ್ಲಿ ಭತ್ತ ಕಡಿಮೆ ಮಾಡಿ ಅನ್ನುವ ಧೈರ್ಯ ಯಾರಿಗೂ ಇಲ್ಲ. ಕೆಳಗಿನ ತುಂಡಿನಲ್ಲಿ ಎಲ್ಲರೂ ಕೊನೆ ಹೊಲಕ್ಕೂ ನೀರು ಕೊಡುತ್ತೇವೆ ಅನ್ನುತ್ತಾರೆ. ಎರಡೂ ಕಡೆ ಒಪ್ಪಿಸಬೇಕಾದವರು ಯಾರೂ ಇಲ್ಲ. ನೀರಿನ ಮೇಲೆ ಪೈಪೋಟಿಯೇ ಇಲ್ಲದ ಮೇಲೆ ಅದು ನೋಟಿಗೆ, ಜಾತಿಗೆ, ಊಟದ ಪೆಂಡಾಲಿಗೆ ಇಳಿಯುತ್ತದೆ. ಚಿಕ್ಕಂದಿನಿಂದ ನೋಡಿ ನನಗೆ ಸಾಕಾಗಿದೆ.

ಇಷ್ಟು ಬರೆದ ಮೇಲೆ ಒಂದು ಮಾತು ಒಪ್ಪಲೇಬೇಕು. ನೋಟು ತಗೊಂಡವರೆಲ್ಲ ಕೊಟ್ಟವನಿಗೇ ಹಾಕುತ್ತಾರೆ ಅಂತಿಲ್ಲ. ಎರಡೂ ಕಡೆ ಇಸಕೊಂಡು ಮನಸ್ಸಿಗೆ ಬಂದವರಿಗೆ ಒತ್ತಿ ಬರುವವರು ನಮ್ಮ ಓಣಿಯಲ್ಲೇ ಇದ್ದಾರೆ.

ಇನ್ನೊಂದು. 2024ರ ಮೇ 7ರಂದು ರಾಯಚೂರು ಲೋಕಸಭೆಗೆ ಮತದಾನವಿತ್ತು. ಬೆಂಗಳೂರಿಗೆ ಗುಳೆ ಹೋಗಿದ್ದ ನಮ್ಮ ಓಣಿಯ ಗಂಡ-ಹೆಂಡತಿ ಎರಡು ದಿನದ ಕೂಲಿ ಬಿಟ್ಟು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದರು. ಟಿಕೆಟ್ ಅವರದೇ ದುಡ್ಡು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಅದೇ ಸಂಜೆ ವಾಪಸ್. ಡೌನ್ಸ್ ಲೆಕ್ಕಕ್ಕೆ ಇವರು ಸಿಗುವುದಿಲ್ಲ. 1968ರಲ್ಲಿ ರಾಜ್ಯಶಾಸ್ತ್ರಜ್ಞರಾದ ರೈಕರ್ ಮತ್ತು ಆರ್ಡೆಶುಕ್ ಆ ಲೆಕ್ಕಕ್ಕೆ ಕರ್ತವ್ಯ ಅನ್ನುವುದನ್ನೂ ಸೇರಿಸಬೇಕಾಯಿತು. ಅವ್ವ ಅದನ್ನೇ ತನ್ನ ಮಾತಲ್ಲಿ ಹೇಳಿದಳು: "ಊರಾಗಿನ ಓಟು ಬಿಡಾಕ ಆಗ್ತೈತೇನು?"

20 ಡಾಲರ್ ದಂಡ ಇರದಿದ್ದರೆ ಆ ಶನಿವಾರ ನಾನು ಹೋಗುತ್ತಿದ್ದೆನೇ? ಖಂಡಿತ ಅಂತ ಹೇಳಲಾರೆ.