ಜಾಝ್ ಕೇಳಲು ಶುರು ಮಾಡುವವರಿಗೆ ‘ಕೈಂಡ್ ಆಫ್ ಬ್ಲೂ’ ಮೊದಲಾಗಬೇಕಾ?

ಪರ: ಮೊದಲು ಇದನ್ನೇ ಹಾಕಿ

ಜಾಝ್ ಎಲ್ಲಿಂದ ಶುರು ಮಾಡಲಿ ಎಂದು ಯಾರೇ ಕೇಳಿದರೂ ನನ್ನ ಉತ್ತರ ಒಂದೇ. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆಯಿತು. ಹಳೇ ಚರ್ಚೊಂದು ಸ್ಟುಡಿಯೋ ಆಗಿತ್ತು, ಅಲ್ಲಿ. ಮೈಲ್ಸ್ ಪೂರ್ತಿ ಬರೆದ ಸಂಗೀತವನ್ನೇನೂ ತಂದಿರಲಿಲ್ಲ, ಯಾವ ಸ್ಕೇಲಿನಲ್ಲಿ, ಅಂದರೆ ಯಾವ ಸ್ವರಗಳ ಸಾಲಿನಲ್ಲಿ ನುಡಿಸಬೇಕು ಅನ್ನುವ ಸಣ್ಣ ಗುರುತುಗಳಷ್ಟೇ. ಅದಕ್ಕೂ ಮುಂಚಿನ ಬೀಬಾಪ್ ಎಂಬ ವೇಗದ ಜಾಝ್ ಶೈಲಿಯಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಚಕಚಕನೆ ಬದಲಾಗುತ್ತಿದ್ದವು, ನುಡಿಸುವವರು ಅವುಗಳ ಹಿಂದೆ ಓಡಬೇಕಿತ್ತು. ಇಲ್ಲಿ ಒಂದೇ ಸ್ಕೇಲಿನಲ್ಲಿ ನಿಂತು ನಿಧಾನವಾಗಿ ಬೆಳೆಸುತ್ತಾರೆ. ರಾಗ ಕೇಳಿ ಬೆಳೆದವರಿಗೆ ಇದು ಹೊಸದೇ ಅಲ್ಲ, ಅಲ್ವಾ?

ನಮ್ಮಪ್ಪ ಕರ್ನಾಟಕ ಸಂಗೀತ ಬಿಟ್ಟು ಬೇರೇನೂ ಕೇಳಿದವರಲ್ಲ. ಒಮ್ಮೆ ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿ ಕೂತಿದ್ದರು. ಪೇಪರ್ ಇಲ್ಲ, ಟಿವಿ ಇಲ್ಲ. ನಾನು ಈ ಆಲ್ಬಮ್ಮಿನ ‘ಸೋ ವಾಟ್’ ಹಾಕಿದ್ದೆ. ಪಾಲ್ ಚೇಂಬರ್ಸ್ ಬೇಸ್‌ನಲ್ಲಿ ಒಂದು ಮಾತು ಹೇಳುತ್ತಾರೆ, ಉಳಿದವರು ‘ಹೌದು ಹೌದು’ ಅನ್ನುವ ಹಾಗೆ ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಆಮೇಲೆ ಮೈಲ್ಸ್ ಟ್ರಂಪೆಟ್. ಡ್ರಾಪ್ಸ್ ಹಾಕುವ ಹೊತ್ತಾಗಿತ್ತು, ಬಾಟಲಿ ಹಿಡಿದು ಹೋದರೆ ಅಪ್ಪ ಕೈ ಅಡ್ಡ ಹಿಡಿದರು. ‘ತಡಿಯೋ, ಇದು ಖರಹರಪ್ರಿಯ ಇದ್ದ ಹಾಗಿದೆ.’ ಸ್ವಲ್ಪ ಹೊತ್ತಿಗೆ, ‘ನೋಡು, ಈಗ ಶ್ರುತಿ ಏರಿಸಿದ.’ ಮತ್ತೆ, ‘ಹಾಂ, ಇಳಿಸಿದ.’ ಈ ಸ್ಕೇಲಿಗೆ ಇರುವ ಡೋರಿಯನ್ ಎಂಬ ಹೆಸರೇ ಅವರಿಗೆ ಗೊತ್ತಿರಲಿಲ್ಲ. ಆದರೆ ಡೋರಿಯನ್ ಸ್ವರಗಳು ಖರಹರಪ್ರಿಯದ ಸ್ವರಗಳೇ! 16 ಬಾರ್ (ತಾಳದ ಒಂದೊಂದು ಸುತ್ತು) ಆದ ಮೇಲೆ ಅರ್ಧ ಸ್ವರ ಮೇಲೆ ಹೋಗಿ, 8 ಬಾರ್ ಅಲ್ಲಿದ್ದು, ಕೊನೆಯ 8 ಬಾರ್‌ಗೆ ಕೆಳಗೆ ಬರುವುದೂ ನಿಜ. ಒಂಬತ್ತು ನಿಮಿಷ ಮುಗಿಯುವ ತನಕ ನಾನು ಬಾಟಲಿ ಹಿಡಿದುಕೊಂಡೇ ನಿಂತಿದ್ದೆ. ಮುಗಿದ ಕೂಡಲೇ ‘ಇನ್ನೊಂದು ಸಲ ಹಾಕು’ ಎಂದರು. ಎಪ್ಪತ್ತು ದಾಟಿದವರಿಗೆ ಯಾರೂ ವಿವರಿಸದೆ ಜಾಝ್ ಹಿಡಿಸಿತು ಅಂದರೆ ನನಗೆ ಬೇರೆ ಸಾಕ್ಷಿ ಬೇಡ.

ಮೊದಲು ಹಳೇ ಕಾಲದ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೇಳಿಸಿ ಅನ್ನುವವರಿದ್ದಾರೆ. ಅದು ಹಳಗನ್ನಡದಿಂದ ಕನ್ನಡ ಕಲಿಸಿದ ಹಾಗೆ. ಕರಕರ ಅನ್ನುವ ಹಳೇ ರೆಕಾರ್ಡ್ ಮುಂದೆ ಹೊಸಬರು ಎಷ್ಟು ಹೊತ್ತು ಕೂರುತ್ತಾರೆ?

ವಿರೋಧ: ಜಾಝ್ ಹುಟ್ಟಿದ್ದು 1959ರಲ್ಲಲ್ಲ

ವಿರೋಧದ ಕಡೆಯಿಂದ ಬರೆಯಿರಿ ಎಂದು ನನಗೆ ಹೇಳಿದ್ದಾರೆ. ಈ ಆಲ್ಬಮ್ ನನಗೂ ಇಷ್ಟವೇ. ಆದರೂ ಮೊದಲು ಕೇಳಬೇಕಾದದ್ದು ಇದಲ್ಲ. ಖರಹರಪ್ರಿಯವೇ ಬೇಕಿದ್ದರೆ ಸುಮ್ನೆ ಒಳ್ಳೆಯ ಕಛೇರಿಗೆ ಹೋಗಬಹುದಲ್ಲ, ನ್ಯೂಯಾರ್ಕಿನ ತನಕ ಯಾಕೆ ಹೋಗಬೇಕು? ನಮ್ಮ ಸಂಗೀತದ ನಂಟಿರುವ ಜಾಝ್ ಬೇಕೆಂದರೆ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರು ನಮ್ಮ ಕದ್ರಿ ಗೋಪಾಲನಾಥ್ ಜೊತೆ ಮಾಡಿದ 2008ರ ‘ಕಿನ್ಸ್‌ಮೆನ್’ ಇದೆ.

ಮೈಲ್ಸ್ ಕೆಲವೇ ಸ್ವರಗಳಲ್ಲಿ ನುಡಿಸಿದ್ದು ಯಾಕೆ ದೊಡ್ಡದು ಅಂತ ತಿಳಿಯಲು ಮುಂಚಿನದನ್ನು ಕೇಳಿರಬೇಕು. 1945ರ ನವೆಂಬರಿನಲ್ಲಿ ಬೀಬಾಪ್‌ನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ‘ಕೋಕೋ’ ರೆಕಾರ್ಡ್ ಮಾಡಿದರು. ಉಸಿರು ಕಟ್ಟುವ ವೇಗ. ಅವತ್ತಿನ ಸೆಷನ್‌ನಲ್ಲಿ 19 ವರ್ಷದ ಮೈಲ್ಸ್ ಕೂಡ ಇದ್ದರು. ಆ ಓಟ ಕೇಳದವರಿಗೆ ಈ ನಿಧಾನ ಬರೀ ಹಿತವಾದ ಸದ್ದು. ಕಾಫಿ ಅಂಗಡಿಗಳಲ್ಲಿ ಇದನ್ನು ಹಾಕಿ ಜನ ಮಾತಾಡುತ್ತಾ ಕೂರುವುದನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ.

ನಾನಾದರೆ 1928ರ ಜೂನ್ 28ರಂದು ಶಿಕಾಗೋದಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಅವರ ತಂಡ ಹಾಟ್ ಫೈವ್ ರೆಕಾರ್ಡ್ ಮಾಡಿದ ‘ವೆಸ್ಟ್ ಎಂಡ್ ಬ್ಲೂಸ್’ ಹಾಕುತ್ತೇನೆ. ಬರೀ ಮೂರು ನಿಮಿಷ ಚಿಲ್ಲರೆ. ಮೊದಲು ಟ್ರಂಪೆಟ್ ಒಂದೇ, ಜೊತೆಗೆ ಯಾರೂ ಇಲ್ಲ. ನಡುವೆ ಆರ್ಮ್‌ಸ್ಟ್ರಾಂಗ್ ಪದವೇ ಇಲ್ಲದೆ ಕ್ಲಾರಿನೆಟ್ ಜೊತೆ ಹಾಡುತ್ತಾರೆ. ಕರಕರ ಇದೆ, ನಿಜ. ಕೊನೆಯ ಸುತ್ತು ಶುರುವಾದಾಗ ಅವರು ಮೇಲಿನ ಒಂದೇ ಸ್ವರವನ್ನು ಹೆಚ್ಚುಕಡಿಮೆ ನಾಲ್ಕು ಬಾರ್ ಹಿಡಿದು ನಿಲ್ಲುತ್ತಾರೆ. ಅಷ್ಟು ಹೊತ್ತು ಆ ಕರಕರ ನನಗೆ ಕೇಳಿಸಿದ್ದೇ ಇಲ್ಲ.