ಬಾಡಿಗೆ ಮನೆಯ ಜಿರಳೆ ಯಾರ ಹೊಣೆ?

ಬೆಂಗಳೂರಿನ ವಿಜಯನಗರದಲ್ಲಿರುವ ಈ ಎರಡನೇ ಮಹಡಿಯ ಮನೆಗೆ ನಾವು ಬಂದು ಮೂರು ವರ್ಷವಾಯಿತು. ಹಾಲುಕ್ಕಿಸಿದ ಮರುದಿನ ರಾತ್ರಿ ಮಗಳಿಗೆ ಕುಡಿಯುವ ನೀರು ತರಲೆಂದು ಅಡುಗೆಮನೆಯ ದೀಪ ಹಾಕಿದಾಗ, ಗ್ಯಾಸ್ ಕಟ್ಟೆಯ ಮೇಲಿದ್ದ ಹತ್ತಿಪ್ಪತ್ತು ಸಣ್ಣ ಜಿರಳೆಗಳು ಕ್ಷಣಾರ್ಧದಲ್ಲಿ ಟೈಲ್ಸ್ ಸಂದಿಗೆ ನುಸುಳಿ ಮಾಯವಾದವು. ಬೆಳಿಗ್ಗೆ ಮಾಲೀಕರಿಗೆ ಫೋನ್ ಮಾಡಿದರೆ, "ನೀವು ಬರೋ ಮುಂಚೆ ಇರಲಿಲ್ಲವಲ್ಲಮ್ಮ, ನಿಮ್ಮ ಸಾಮಾನಿನ ಜೊತೆ ಬಂದಿರಬೇಕು ನೋಡಿ" ಎಂದರು. ಬಾಡಿಗೆ ಮನೆಯಲ್ಲಿರುವ ಎಷ್ಟೋ ಜನ ಈ ಮಾತನ್ನು ಕೇಳಿ, ತಮ್ಮ ಮನೆಯೇ ಕೊಳಕು ಎಂದು ನಾಚಿಕೊಂಡು, ಯಾರಿಗೂ ಹೇಳದೆ ಅಂಗಡಿಯಿಂದ ಸ್ಪ್ರೇ ತಂದು ಸುಮ್ಮನಾಗುತ್ತಾರೆ. ನಾನೂ ಹಾಗೆಯೇ ಮಾಡಿದೆ. ಅದು ತಪ್ಪು ಎಂದು ತಿಳಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಮೊದಲು ತಿಳಿಯಬೇಕಾದದ್ದು ಇಷ್ಟು: ನಾವು ಜಿರಳೆ ಎಂದು ಒಂದೇ ಹೆಸರಿನಿಂದ ಕರೆಯುವ ಹುಳದಲ್ಲಿ ನಮ್ಮ ಮನೆಗಳಿಗೆ ಮುಖ್ಯವಾಗಿ ಎರಡು ಜಾತಿಗಳು ಬರುತ್ತವೆ, ಮತ್ತು ಎರಡಕ್ಕೂ ಮದ್ದು ಒಂದೇ ಅಲ್ಲ. ಬಚ್ಚಲಿನಿಂದ ಮೇಲೆ ಬರುವ, ಹೆಬ್ಬೆರಳಿನಷ್ಟು ದೊಡ್ಡದಾದ ಕೆಂಗಂದು ಬಣ್ಣದ್ದನ್ನು ಅಮೆರಿಕನ್ ಜಿರಳೆ ಎನ್ನುತ್ತಾರೆ. ಅದರ ವಾಸ ಚರಂಡಿಯಲ್ಲಿ. ಬಚ್ಚಲ ನೆಲದಲ್ಲಿ ಕೂರಿಸುವ ನಾನಿ ಟ್ರ್ಯಾಪ್‌ನೊಳಗೆ ಸದಾ ಸ್ವಲ್ಪ ನೀರು ನಿಂತಿರಬೇಕು, ಆ ನೀರೇ ಅದಕ್ಕೆ ಅಡ್ಡಗೋಡೆ. ಬಳಸದ ಬಚ್ಚಲಿನಲ್ಲಿ ನೀರು ಆರಿಹೋದರೆ ದಾರಿ ತೆರೆಯುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ, ಮೇಲೆ ಸಣ್ಣ ರಂಧ್ರದ ಜಾಲರಿ ಇಟ್ಟರೆ ಅದರ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ.

ನಿಜವಾದ ಕಷ್ಟ ಎರಡನೆಯದರದು. ಒಂದೂವರೆ ಸೆಂಟಿಮೀಟರ್ ಮೀರದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ತಿಳಿಕಂದು ಬಣ್ಣದ ಈ ಹುಳಕ್ಕೆ ಜರ್ಮನ್ ಜಿರಳೆ ಎಂದು ಹೆಸರು. ಹೆಸರು ಜರ್ಮನಿಯದಾದರೂ, ಅದು ಭಾರತ ಅಥವಾ ಮ್ಯಾನ್ಮಾರ್‌ನ ಸೀಮೆಯಲ್ಲಿ ಸುಮಾರು 2,100 ವರ್ಷಗಳ ಹಿಂದೆ ಒಂದು ಕಾಡುಜಾತಿಯಿಂದ ಬೇರ್ಪಟ್ಟಿತು ಎಂದು 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಮನುಷ್ಯನ ಮನೆಯನ್ನು ಬಿಟ್ಟು ಹೊರಗೆಲ್ಲೂ ಬದುಕದ ಮಟ್ಟಿಗೆ ಅದು ನಮಗೆ ಒಗ್ಗಿಹೋಗಿದೆ. ಹೆಣ್ಣು ಒಂದು ಚೀಲದಲ್ಲಿ ಮೂವತ್ತು ನಲವತ್ತು ಮೊಟ್ಟೆಗಳನ್ನು, ಅವು ಒಡೆಯುವ ಕಾಲ ಬರುವವರೆಗೂ ತನ್ನ ಮೈಗೆ ಅಂಟಿಸಿಕೊಂಡೇ ಓಡಾಡುತ್ತದೆ. ಒಂದು ಹೆಣ್ಣು ಒಂದು ರಟ್ಟಿನ ಡಬ್ಬದಲ್ಲಿ ಮನೆಗೆ ಬಂದರೂ ಕೆಲವೇ ತಿಂಗಳಲ್ಲಿ ಅಡುಗೆಮನೆ ತುಂಬುತ್ತದೆ.

ಇದು ಬರೀ ಅಸಹ್ಯದ ಮಾತಲ್ಲ. ನನ್ನ ಮಗಳಿಗೆ ಆ ವರ್ಷ ರಾತ್ರಿ ಉಬ್ಬಸ ಹೆಚ್ಚಾಯಿತು. ಮಕ್ಕಳ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಮನೆಯಲ್ಲಿ ಜಿರಳೆ ಇದೆಯೇ ಎಂಬುದು. ಜಿರಳೆಯ ಹಿಕ್ಕೆ, ಜೊಲ್ಲು ಮತ್ತು ಕಳಚಿದ ಪೊರೆ ಧೂಳಿನಲ್ಲಿ ಬೆರೆತು ಉಸಿರಿಗೆ ಸೇರುತ್ತವೆ. ಅಮೆರಿಕದ ನಗರಗಳ ಬಡ ಬಡಾವಣೆಗಳಲ್ಲಿ ಅಸ್ತಮಾ ಇದ್ದ 476 ಮಕ್ಕಳನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಿರಳೆಯ ಅಲರ್ಜಿಯೂ ಇದ್ದು ಮಲಗುವ ಕೋಣೆಯಲ್ಲಿ ಅದರ ಅಂಶವೂ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಬಾರಿ ಆಸ್ಪತ್ರೆ ಸೇರಿದ್ದರು. ಆದ್ದರಿಂದ "ಜಿರಳೆ ಯಾರ ಮನೆಯಲ್ಲಿ ಇಲ್ಲ ಹೇಳಿ" ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಸ್ಪ್ರೇ ಹೊಡೆದದ್ದು ನಾನು ಮಾಡಿದ ದೊಡ್ಡ ತಪ್ಪು. ಸ್ಪ್ರೇ ತಗುಲಿದ ನಾಲ್ಕು ಜಿರಳೆಗಳು ಕಣ್ಣೆದುರೇ ಸಾಯುತ್ತವೆ, ನಮಗೆ ಸಮಾಧಾನವಾಗುತ್ತದೆ. ಆದರೆ ಸಂದಿಯಲ್ಲಿರುವ ನೂರಾರು, ಆ ವಾಸನೆಗೆ ಚದುರಿ, ಅಡುಗೆಮನೆಯಿಂದ ಮಲಗುವ ಕೋಣೆಗೆ, ನಮ್ಮ ಮನೆಯಿಂದ ಪಕ್ಕದ ಮನೆಗೆ ಹೋಗುತ್ತವೆ. ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ವಿಷಗಳನ್ನು ಜರ್ಮನ್ ಜಿರಳೆ ಲೋಕದ ಎಷ್ಟೋ ಕಡೆ ತಡೆದುಕೊಳ್ಳಲು ಕಲಿತಿದೆ. ಜಿರಳೆ ಸೀಮೆಸುಣ್ಣದಲ್ಲಿಯೂ ಇರುವುದು ಇದೇ ಬಗೆಯ ವಿಷ. ಬರೆಯುವ ಸೀಮೆಸುಣ್ಣವೆಂದು ಮಕ್ಕಳು ಕೈಗೆತ್ತಿಕೊಳ್ಳುವ ವಸ್ತುವನ್ನು ಮನೆಯೊಳಗೆ ಇಡುವುದೇ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸ ಮಾಡಿದ್ದು ಜೆಲ್. ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಬೆರೆಸಿದ ಈ ತಿನಿಸನ್ನು ತಿಂದ ಜಿರಳೆ ತನ್ನ ಗೂಡಿಗೆ ಮರಳಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳು ಅದರ ಹಿಂದೆಯೇ ಸಾಯುತ್ತವೆ. ಸಾಸಿವೆ ಕಾಳಿನಿಂದ ತೊಗರಿಬೇಳೆಯವರೆಗಿನ ಗಾತ್ರದ ಹನಿಗಳನ್ನು ಕಪಾಟಿನ ಹಿಂಜಿನ ಬಳಿ, ಸಿಂಕಿನ ಕೆಳಗಿನ ಪೈಪಿನ ಸುತ್ತ, ಫ್ರಿಜ್ಜಿನ ಹಿಂದೆ, ಕಡಪ ಕಲ್ಲಿನ ಅಡಿಯ ಸಂದಿಯಲ್ಲಿ, ಮಕ್ಕಳ ಕೈಗೆ ಎಟುಕದ ಹಾಗೆ ಇಡಬೇಕು. ಒಂದೇ ಕಡೆ ದೊಡ್ಡ ಮುದ್ದೆ ಇಡುವುದಕ್ಕಿಂತ ಹಲವು ಕಡೆ ಸಣ್ಣ ಹನಿ ಇಡುವುದು ಮೇಲು. ಜೆಲ್ ಹಾಕಿದ ಕಡೆ ಸ್ಪ್ರೇಯನ್ನಾಗಲಿ ಫಿನಾಯಿಲನ್ನಾಗಲಿ ಹಾಕಬಾರದು, ಹಾಕಿದರೆ ಜಿರಳೆ ಅದನ್ನು ಮುಟ್ಟುವುದಿಲ್ಲ. ಮೊಟ್ಟೆ ಒಡೆಯಲು ಸುಮಾರು ನಾಲ್ಕು ವಾರ ಬೇಕಾದ್ದರಿಂದ ಮೊದಲ ಸಲ ಎಲ್ಲವೂ ಸತ್ತಂತೆ ಕಂಡರೂ ತಿಂಗಳೊಳಗೆ ಮತ್ತೊಮ್ಮೆ ಹಾಕಲೇಬೇಕು. ಜೆಲ್‌ನಲ್ಲಿ ಸಿಹಿಗೆಂದು ಬೆರೆಸುವ ಗ್ಲುಕೋಸನ್ನೇ ತಿನ್ನಲೊಲ್ಲದ ಜಿರಳೆ ವಂಶಗಳು ಕೆಲವೆಡೆ ಹುಟ್ಟಿಕೊಂಡಿರುವುದರಿಂದ, ಒಂದು ಜೆಲ್ ಹಿಡಿಸದಿದ್ದರೆ ಬೇರೆ ಬಗೆಯದನ್ನು ತರಬೇಕಾಗುತ್ತದೆ.

ಇದರ ಜೊತೆಗೆ, ಮುಸುರೆ ಪಾತ್ರೆಗಳನ್ನು ರಾತ್ರಿ ಸಿಂಕಿನಲ್ಲಿ ಬಿಡದಿರುವುದು, ಹಸಿ ಕಸದ ಬುಟ್ಟಿಗೆ ಮುಚ್ಚಳ ಹಾಕುವುದು, ಮಲಗುವ ಮುಂಚೆ ಸಿಂಕನ್ನು ಒಣಬಟ್ಟೆಯಿಂದ ಒರೆಸುವುದು ನಮ್ಮ ಪಾಲಿನ ಕೆಲಸ. ಊಟವಿಲ್ಲದೆ ಕೆಲವು ವಾರ ಬದುಕುವ ಜಿರಳೆ ನೀರಿಲ್ಲದೆ ಹೆಚ್ಚು ದಿನ ಬದುಕದು, ಹಾಗಾಗಿ ತೊಟ್ಟಿಕ್ಕುವ ನಲ್ಲಿಯನ್ನು ಮೊದಲು ಸರಿಪಡಿಸಿ. ಆನ್‌ಲೈನ್‌ನಲ್ಲಿ ತರಿಸಿದ ಸಾಮಾನಿನ ರಟ್ಟಿನ ಡಬ್ಬಗಳನ್ನು ಅಟ್ಟದಲ್ಲಿ ಕೂಡಿಡುವ ಅಭ್ಯಾಸವನ್ನು ನಾವು ಬಿಟ್ಟಿದ್ದೇವೆ. ಹಳೆಯ ಮಂಚ, ಸೋಫಾ ಕೊಳ್ಳುವವರು ಹೊಲಿಗೆಯ ಮಡಿಕೆಗಳಲ್ಲಿ ತಿಗಣೆಯ ಕಪ್ಪು ಚುಕ್ಕೆಗಳಿವೆಯೇ ಎಂದು ಟಾರ್ಚ್ ಹಿಡಿದು ನೋಡಿಯೇ ತರಬೇಕು. ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ.

ಇಷ್ಟೆಲ್ಲ ಮಾಡಿಯೂ ಆರು ತಿಂಗಳಿಗೆ ಜಿರಳೆಗಳು ಮರಳಿ ಬಂದವು. ಆಗ ಪ್ಲಂಬರ್ ಒಬ್ಬರು ಸಿಂಕಿನ ಕೆಳಗೆ ಕೈತೂರಿಸಿ, ಪೈಪು ಗೋಡೆಯೊಳಗೆ ಹೋಗುವಲ್ಲಿ ಮುಷ್ಟಿ ಹಿಡಿಯುವಷ್ಟು ದೊಡ್ಡ ತೂತನ್ನು ತೋರಿಸಿದರು. ಆ ತೂತು ತೆರೆದುಕೊಳ್ಳುವುದು ಎಲ್ಲ ಮಹಡಿಗಳ ಪೈಪುಗಳು ಇಳಿಯುವ ಡಕ್ಟಿಗೆ, ಆ ಡಕ್ಟ್ ನಮ್ಮ ಮೇಲಿನ ಮನೆಗೂ ಕೆಳಗಿನ ಎರಡು ಮನೆಗಳಿಗೂ ಸೇರಿದ್ದು. ನಾವು ನಮ್ಮ ಮನೆಯಲ್ಲಿ ಎಷ್ಟು ಕೊಂದರೂ ಕೆಳಗಿನಿಂದ ಹೊಸವು ಏರಿ ಬರುತ್ತಿದ್ದವು. ಒಂದೇ ಪೈಪಿನ ಗೋಡೆ ಹಂಚಿಕೊಂಡ ಮನೆಗಳ ನಡುವೆ ಜಿರಳೆಗಳು ಓಡಾಡುವುದು ಕೀಟತಜ್ಞರಿಗೆಲ್ಲ ಗೊತ್ತಿರುವ ಸಂಗತಿ. ಕಟ್ಟುವಾಗಲೇ ಮುಚ್ಚಬೇಕಿದ್ದ ಆ ತೂತನ್ನು ನನ್ನ ಸಾಮಾನು ಕೊರೆದಿರಲಿಲ್ಲ.

ಹಾಗಾದರೆ ಖರ್ಚು ಯಾರದು? ರಾಜ್ಯಗಳು ಅನುಸರಿಸಲೆಂದು ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಕಟ್ಟಡದ ರಚನೆಯ ದುರಸ್ತಿ ಮತ್ತು ಪೈಪುಗಳ ಬದಲಾವಣೆ ಮಾಲೀಕರದು, ನಲ್ಲಿಯ ವಾಷರ್ ಮತ್ತು ಚರಂಡಿಯ ಸ್ವಚ್ಛತೆ ಬಾಡಿಗೆದಾರರದು. ಈ ನ್ಯಾಯ ನನಗೆ ಸರಿಯಾಗಿಯೇ ಕಾಣುತ್ತದೆ: ಸಿಂಕು ಒರೆಸುವುದು ನನ್ನ ಕೆಲಸವಾದರೆ, ಡಕ್ಟ್ ಮುಚ್ಚಿಸುವುದು ಮಾಲೀಕರ ಕೆಲಸ. ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಮುರಿದುಕೊಳ್ಳುವ ಈ ಊರಿನಲ್ಲಿ, ಬಂದಾಗಲೇ ಇದ್ದ ಜಿರಳೆಯ ಖರ್ಚನ್ನೂ ಬಾಡಿಗೆದಾರರೇ ಹೊರಬೇಕೆಂಬುದು ಅನ್ಯಾಯ.

ನಾನು ಆ ತೂತಿನ ಫೋಟೋ ತೆಗೆದು, ಮೇಲಿನ ಮನೆಯ ಅಜ್ಜಿಯನ್ನೂ ಕೆಳಗಿನ ಎರಡು ಮನೆಯವರನ್ನೂ ಕರೆದುಕೊಂಡು ಮಾಲೀಕರ ಬಳಿ ಹೋದೆ. ನಾಲ್ಕೂ ಮನೆಗಳಲ್ಲಿ ಅದೇ ಕಥೆ, ನಾಲ್ವರೂ ಅದನ್ನು ಬೇರೆಯವರಿಂದ ಮುಚ್ಚಿಟ್ಟಿದ್ದರು. ಮಾಲೀಕರು ಮೊದಲು ಬೇಸರಗೊಂಡರೂ ಕೊನೆಗೆ ಸಿಮೆಂಟಿನಲ್ಲಿ ತೂತುಗಳನ್ನು ಮುಚ್ಚಿಸಿ, ಒಂದೇ ದಿನ ನಾಲ್ಕೂ ಮನೆಗೆ ಜೆಲ್ ಹಾಕಿಸಿದರು. ನಾಲ್ಕು ವಾರದ ನಂತರ ಇನ್ನೊಮ್ಮೆ ಹಾಕಿಸಿದರು. ಈಗ ಫ್ರಿಜ್ಜಿನ ಹಿಂದೆ ಇಟ್ಟ ಅಂಟಿನ ಕಾಗದವನ್ನು ಪ್ರತಿ ತಿಂಗಳು ತೆಗೆದು ನೋಡುತ್ತೇನೆ, ಹತ್ತು ತಿಂಗಳಲ್ಲಿ ಸಿಕ್ಕಿದ್ದು ಎರಡು. ಮೊನ್ನೆ ಕರಾರು ನವೀಕರಿಸುವಾಗ, ಮನೆ ಒಪ್ಪಿಸುವ ಮುನ್ನ ಮತ್ತು ಆಮೇಲೆ ವರ್ಷಕ್ಕೊಮ್ಮೆ ಇಡೀ ಕಟ್ಟಡಕ್ಕೆ ಕೀಟ ನಿಯಂತ್ರಣ ಮಾಡಿಸುವುದು ಮಾಲೀಕರ ಹೊಣೆ ಎಂಬ ಒಂದು ಸಾಲನ್ನು ಸೇರಿಸಲು ಕೇಳಿದೆ. ಮಾಲೀಕರು ಓದಿ, ಏನೂ ಹೇಳದೆ ಸಹಿ ಹಾಕಿದರು.